ಲಿಬರೇಟರ್ ವಿಮಾನದ ಜೀರ್ಣೋದ್ಧಾರ: ಅಳಿಸಿಹೋದ ಒಂದು ಪದರ

ಹೊಸನಗರ ತಾಲ್ಲೂಕಿನ ಹುಂಚದ ದತ್ತಿಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವೇ. ಒಡೆದುದನ್ನು, ಬಿರುಕುಬಿಟ್ಟುದನ್ನು ಸರಿಪಡಿಸಲೆಂದು ಭೂಮಿಯನ್ನು ಬಿಡುತ್ತಿದ್ದರು. ದತ್ತಿ ಕೊಟ್ಟವರ ಹೆಸರು ಕಲ್ಲಿನಲ್ಲಿ ನಿಂತಿತು. ಕಲ್ಲು ಕೂರಿಸಿದ ಕೈಗಳ ಹೆಸರು ಬಹುಮಟ್ಟಿಗೆ ನಿಲ್ಲಲಿಲ್ಲ. ಯುದ್ಧವಿಮಾನಗಳ ಜೀರ್ಣೋದ್ಧಾರದಲ್ಲಿಯೂ ಇದೇ ಕಥೆಯಿದೆ.

ಎರಡನೆಯ ಮಹಾಯುದ್ಧದ ಜಪಾನಿ ‘ಝೀರೋ’ ವಿಮಾನವನ್ನೇ ನೋಡಬಹುದು. ಕ್ಯಾಲಿಫೋರ್ನಿಯಾದ ಚಿನೋ ಸಂಗ್ರಹಾಲಯದವರು ಸಾರ್ವಜನಿಕ ಪ್ರದರ್ಶನಗಳಲ್ಲಿ ಹಾರಿಸುವ ಝೀರೋದಲ್ಲಿ ಜಪಾನಿನದೇ ಆದ ಸಕಾಯೆ ಎಂಜಿನ್ ಇದೆ. 2016ರ ಜನವರಿಯಲ್ಲಿ ಜಪಾನಿನ ಕನೋಯಾದಲ್ಲಿ ಹಾರಿದ ಝೀರೋದೊಳಗಿದ್ದುದು ಅಮೆರಿಕದ ಎಂಜಿನ್! ಎಷ್ಟು ಗರಿ ಬದಲಾದರೆ ಓಲೆಯ ಪ್ರತಿ ಮೂಲಪ್ರತಿಯಾಗಿ ಉಳಿಯುವುದಿಲ್ಲ ಎಂದು ಗ್ರಂಥಸಂಪಾದಕರು ಕೇಳುವಂತೆಯೇ ಇಲ್ಲಿಯೂ ಕೇಳಬಹುದು. ಆದರೆ ನನ್ನನ್ನು ಕಾಡುವುದು ಬೆಂಗಳೂರಿಗೆ ಸೇರಿದ ಇನ್ನೊಂದು ವಿಮಾನ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಜಪಾನ್ ಬರ್ಮಾವನ್ನು ಆಕ್ರಮಿಸಿದ ಬಳಿಕ, 1943ರಲ್ಲಿ, ಕಾರ್ಖಾನೆಯು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಇಲ್ಲಿನ ಕುಶಲಕರ್ಮಿಗಳು ದೊಡ್ಡ ವಿಮಾನಗಳನ್ನು ಬಿಚ್ಚಿ ಜೋಡಿಸಲು ಕಲಿತದ್ದು ಆ ದಿನಗಳಲ್ಲಿ.

ಆ ವಿದ್ಯೆ ಮುಂದೆ ಒದಗಿಬಂತು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್ ಬಾಂಬರ್‌ಗಳನ್ನು, ಮತ್ತೆ ಹಾರದಂತೆ ಕೆಡಿಸಿ, ಕಾನ್ಪುರದಲ್ಲಿ ಬಿಟ್ಟುಹೋಗಿತ್ತು. ಸ್ವತಂತ್ರ ಭಾರತದ ಬಳಿ ಭಾರೀ ಬಾಂಬರ್‌ಗಳಿರಲಿಲ್ಲ. 1948ರಲ್ಲಿ ಬೆಂಗಳೂರಿನ ತಂತ್ರಜ್ಞರು ಆ ರಾಶಿಯಿಂದ ಸುಮಾರು ನಲವತ್ತು ವಿಮಾನಗಳನ್ನು ಎತ್ತಿದರು. ಹಾರುವಷ್ಟು ಮಾತ್ರ ದುರಸ್ತಿ ಮಾಡಿದ ಅವುಗಳನ್ನು ಪೈಲಟ್ ಜಮ್ಶೇದ್ ಮುನ್ಶಿ ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ತಂದರು. ಪೂರ್ಣ ದುರಸ್ತಿ ಇಲ್ಲಿಯೇ ಆಯಿತು. (ಗುಜರಿಯನ್ನು ಆಕಾಶಮಾರ್ಗವಾಗಿ ಸಾಗಿಸಿದ ಧೈರ್ಯವನ್ನು ಏನೆನ್ನಬೇಕು!) ಅದೇ ನವೆಂಬರಿನಲ್ಲಿ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ರೂಪುಗೊಂಡಿತು. 1968ರವರೆಗೂ ಭಾರತ ಇವುಗಳನ್ನು ಬಳಸಿತು. ಉಳಿದೆಡೆಗಳಲ್ಲಿ ಅವು ಅಷ್ಟರಲ್ಲಿ ಬಹುತೇಕ ಕರಗಿಹೋಗಿದ್ದವು. ಇಂದು ಅಮೆರಿಕ, ಬ್ರಿಟನ್, ಕೆನಡಾಗಳ ಸಂಗ್ರಹಾಲಯಗಳಲ್ಲಿ ಲಿಬರೇಟರ್ ಕಾಣಸಿಗುವುದಕ್ಕೆ ಭಾರತದಲ್ಲಿ ಅವು ಉಳಿದದ್ದೇ ಮುಖ್ಯ ಕಾರಣ.

ಅವುಗಳಲ್ಲೊಂದು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನವನ್ನು ಸೇರಿ, 1989ರಲ್ಲಿ ಮತ್ತೆ ಹಾರಿ, ಮೂರು ದಶಕಗಳ ಕಾಲ ಊರೂರಿನ ಪ್ರದರ್ಶನಗಳಲ್ಲಿ ಜನರನ್ನು ಸೆಳೆಯಿತು. ಅದು ಮೊದಲು ‘ಆಲ್ ಅಮೆರಿಕನ್’, ಆಮೇಲೆ ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’, ಕೊನೆಗೆ ‘ವಿಚ್‌ಕ್ರಾಫ್ಟ್’ ಎಂಬ ವೇಷಗಳನ್ನು ತೊಟ್ಟಿತು. ಮೂರೂ ಯುದ್ಧದಲ್ಲಿ ಹೋರಾಡಿದ ಬೇರೆ ಬೇರೆ ವಿಮಾನಗಳ ಹೆಸರುಗಳು. ಈ ವಿಮಾನವಾದರೋ ಮೊದಲು ಬ್ರಿಟಿಷ್ ವಾಯುಪಡೆಯದು, ಬಳಿಕ ಎರಡು ದಶಕ ಭಾರತದ್ದು. ಬಂದವರಿಗೆ ಯುದ್ಧದ ನೆನಪು ಬೇಕಿತ್ತು, ಬಣ್ಣ ಅದಕ್ಕೆ ತಕ್ಕಂತೆ ಬಂತು ಎಂಬ ಸಮರ್ಥನೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೂ ಗೋಡೆಗೆ ಸುಣ್ಣ ಬಳಿದು ನಡುಗಾಲದ ಶಾಸನವನ್ನು ಮುಚ್ಚಿದಂತೆಯೇ ಅದು.

ಭಾರತದ ಚಿಹ್ನೆ ಹೊತ್ತ ಲಿಬರೇಟರ್ ಒಂದು ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿದೆ. ಅದು ಹಾರುವುದಿಲ್ಲ.