ನಾಗತಿಹಳ್ಳಿ ಚಂದ್ರಶೇಖರ್

ಕನ್ನಡದ ಕಥೆಗಾರ, ಕಾದಂಬರಿಕಾರ, ಚಿತ್ರಸಾಹಿತಿ, ಚಲನಚಿತ್ರ ಮತ್ತು ಕಿರುತೆರೆ ನಿರ್ದೇಶಕ. ಜನನ 15 ಆಗಸ್ಟ್ 1958, ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿ. ನಿರ್ದೇಶಿಸಿದ ಎರಡು ಚಿತ್ರಗಳು, ‘ಕೊಟ್ರೇಶಿ ಕನಸು’ ಮತ್ತು ‘ಅಮೆರಿಕಾ ಅಮೆರಿಕಾ’, ಅತ್ಯುತ್ತಮ ಕನ್ನಡ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಪಡೆದಿವೆ.

ಊರು, ಓದು

ಕೃಷ್ಣರಾಜಸಾಗರದ ನಾಲೆ ಹರಿಯುವ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಭತ್ತ ಮತ್ತು ಕಬ್ಬಿನ ಗದ್ದೆಗಳು ಕಾಣುತ್ತವೆ. ನಾಗಮಂಗಲ ಹಾಗಲ್ಲ. ಅದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ರಾಗಿ ಹೊಲಗಳ ಸೀಮೆ. ಮಳೆ ಕೈಕೊಟ್ಟ ವರ್ಷ ಪಟ್ಟಣದ ಬಸ್ಸು ಹತ್ತುವುದು ಇಲ್ಲಿನ ಮನೆಗಳಿಗೆ ಹೊಸದಲ್ಲ. ಸಾಹಿತ್ಯದ ಬೆಳೆಗೆ ಮಾತ್ರ ಈ ಭಾಗದಲ್ಲಿ ಎಂದೂ ಬರ ಬಂದಿಲ್ಲ. ಕೆ.ಆರ್. ಪೇಟೆಯ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರನ್ನೂ, ಮೇಲುಕೋಟೆ ಪು.ತಿ. ನರಸಿಂಹಾಚಾರ್ಯರನ್ನೂ ಕೊಟ್ಟವು. ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದಿ, ಕನ್ನಡ ಅಧ್ಯಾಪಕರಾಗಿದ್ದು ಆಮೇಲೆ ಚಿತ್ರರಂಗಕ್ಕೆ ಬಂದರು. ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಿಗೆ ಇಟ್ಟುಕೊಂಡರು.

ಕಥೆಯಿಂದ ಚಿತ್ರಕಥೆಗೆ

ನಿರ್ದೇಶಕರಾಗುವ ಮೊದಲೇ ಅವರು ಕಥೆಗಾರರೆಂದು ಹೆಸರಾಗಿದ್ದರು. ಚಿತ್ರರಂಗದಲ್ಲೂ ಅವರ ಪ್ರವೇಶ ಬರವಣಿಗೆಯ ಬಾಗಿಲಿನಿಂದಲೇ ಆಯಿತು. ಮೊದಲ ನಿರ್ದೇಶನ ‘ಉಂಡೂ ಹೋದ ಕೊಂಡೂ ಹೋದ’ (1992). ಮುಗ್ಧ ಹಳ್ಳಿಗರನ್ನು ನಂಬಿಸಿ ವಂಚಿಸುವವನ ಕಥೆಯಾದ ಈ ಹಾಸ್ಯಚಿತ್ರದ ನಾಯಕ ಅನಂತನಾಗ್. ಮರುವರ್ಷ ತಮ್ಮದೇ ಕಾದಂಬರಿ ‘ಬಾ ನಲ್ಲೆ ಮಧುಚಂದ್ರಕೆ’ಯನ್ನು ಚಿತ್ರವಾಗಿಸಿದರು. ಐಎಎಸ್ ಅಧಿಕಾರಿಯಾಗಿದ್ದ ಕೆ. ಶಿವರಾಂ ಅದರಲ್ಲಿ ನಾಯಕರಾದರು. ಹಂಸಲೇಖ ಅವರ ಸಂಗೀತದ ಹಾಡುಗಳು ಮನೆಮಾತಾದವು.

‘ಕೊಟ್ರೇಶಿ ಕನಸು’ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದೆ. ಓದಿನಲ್ಲಿ ಮುಂದೆ ಬರುವ ದಲಿತ ಹುಡುಗನೊಬ್ಬನ ಆಸೆಗೆ ಊರಿನ ಜಾತಿ ವ್ಯವಸ್ಥೆ ಹೇಗೆ ಅಡ್ಡ ನಿಲ್ಲುತ್ತದೆ ಎಂಬುದೇ ಕಥೆ. ಮಂಡ್ಯ ಸೀಮೆಯ ಲೇಖಕ ಬಳ್ಳಾರಿ ಸೀಮೆಯ ಕಥೆಗಾರನ ಲೋಕವನ್ನು ತನ್ನದಾಗಿಸಿಕೊಂಡು ಮಾಡಿದ ಚಿತ್ರವಿದು. 1994ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವಾಯಿತು. ಕೊಟ್ರೇಶಿಯಾದ ವಿಜಯ ರಾಘವೇಂದ್ರ ಅತ್ಯುತ್ತಮ ಬಾಲನಟನೆನಿಸಿದರು.

‘ಅಮೆರಿಕಾ ಅಮೆರಿಕಾ’

1996ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರ ಅವರ ವೃತ್ತಿಜೀವನದ ನಡುಗಂಬ. ರಮೇಶ್ ಅರವಿಂದ್, ಅಕ್ಷಯ್ ಆನಂದ್, ಹೇಮಾ ಪಂಚಮುಖಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಒಟ್ಟಿಗೆ ಬೆಳೆದ ಮೂವರಲ್ಲಿ ಶಶಾಂಕ ಅಮೆರಿಕ ಸೇರುತ್ತಾನೆ, ಸೂರ್ಯ ಊರಲ್ಲೇ ಉಳಿಯುತ್ತಾನೆ, ಭೂಮಿಕಾ ಶಶಾಂಕನ ಕೈಹಿಡಿದು ಹೊರದೇಶಕ್ಕೆ ಹೋಗುತ್ತಾಳೆ. ಹುಡುಗಿಗೆ ಇಟ್ಟ ಹೆಸರಲ್ಲೇ ಭೂಮಿ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಪೀಳಿಗೆ ವಿಮಾನ ಹತ್ತತೊಡಗಿದ್ದ ಕಾಲವದು. ಮಗ ಅಮೆರಿಕದಲ್ಲಿದ್ದಾನೆ ಎಂಬ ಹೆಮ್ಮೆ, ಅವನು ಬಳಿಯಲ್ಲಿಲ್ಲ ಎಂಬ ಕೊರಗು, ಎರಡೂ ಒಂದೇ ಮನೆಯಲ್ಲಿ ಇರತೊಡಗಿದ್ದವು. ಈ ಇಬ್ಬಂದಿಯನ್ನು ಜನಪ್ರಿಯ ಕನ್ನಡ ಸಿನಿಮಾದ ವಸ್ತುವಾಗಿಸಿದ ಚಿತ್ರಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವುದು ಇದೇ ಎನ್ನಬಹುದು.

ಚಿತ್ರದ ಸಂಗೀತದ ಬಗ್ಗೆ ವಿಸ್ತಾರವಾಗಿಯೇ ಹೇಳಬೇಕು. ಸಿನಿಮಾ ಹಾಡಿನಲ್ಲಿ ಸಾಮಾನ್ಯವಾಗಿ ಮೊದಲು ಟ್ಯೂನ್ ಸಿದ್ಧವಾಗುತ್ತದೆ. ಗೀತರಚನೆಕಾರ ಅದರ ಅಳತೆಗೆ ತಕ್ಕಂತೆ ಪದಗಳನ್ನು ಕೂರಿಸುತ್ತಾನೆ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಬೆಳೆಸಿದ ಸುಗಮ ಸಂಗೀತದ ದಾರಿ ಇದಕ್ಕೆ ತಿರುವುಮುರುವು. ಅಲ್ಲಿ ಕವಿತೆಯೇ ಮೊದಲು. ಅದರ ನಡಿಗೆ, ನಿಲುಗಡೆಗಳಿಗೆ ರಾಗ ತಲೆಬಾಗಬೇಕು. ‘ಅಮೆರಿಕಾ ಅಮೆರಿಕಾ’ದಲ್ಲಿ ಈ ಎರಡು ಪರಂಪರೆಗಳೂ ಅಕ್ಕಪಕ್ಕ ಕೂತಿವೆ. ನಿರ್ದೇಶಕರೇ ಬರೆದ ‘ನೂರು ಜನ್ಮಕೂ’ ಸಿನಿಮಾ ಪರಂಪರೆಯ ಪ್ರೇಮಗೀತೆ, ಹಾಡಿದವರು ರಾಜೇಶ್ ಕೃಷ್ಣನ್. ನವ್ಯ ಕಾವ್ಯದ ನೇತಾರ ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಕವಿತೆಯನ್ನು ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ಮತ್ತು ಸಂಗೀತಾ ಕಟ್ಟಿ ಹಾಡಿದರು. ಕಾಣದ ತೀರದ ಸೆಳೆತವನ್ನು ಕುರಿತ ಆ ಕವಿತೆ, ವಲಸೆಯ ಕಥೆಯ ನಡುವೆ ಬಂದೊಡನೆ, ಅದರ ತೀರಕ್ಕೆ ಭೂಪಟದಲ್ಲೊಂದು ಜಾಗ ಸಿಕ್ಕಂತಾಯಿತು. ಅಡಿಗರನ್ನು ಓದದಿದ್ದ ಸಾವಿರಾರು ಜನ ಅವರ ಸಾಲುಗಳನ್ನು ಗುನುಗುವಂತಾಯಿತು. ಕವಿತೆಯನ್ನು ಥಿಯೇಟರಿನವರೆಗೆ ಕೊಂಡೊಯ್ದದ್ದು, ಕನ್ನಡ ಮೇಷ್ಟರಾಗಿದ್ದವರು ಚಿತ್ರರಂಗಕ್ಕೆ ಕೊಟ್ಟ ದೊಡ್ಡ ಕಾಣಿಕೆ. ಸಂಗೀತ ನಿರ್ದೇಶಕ ಮನೋಮೂರ್ತಿ ಸ್ವತಃ ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗರು. ಈ ಚಿತ್ರದಿಂದ ಕನ್ನಡಕ್ಕೆ ಪರಿಚಿತರಾದ ಅವರು ಮುಂದೆ ‘ಮುಂಗಾರು ಮಳೆ’ (2006) ಮೂಲಕ ಮನೆಮನೆಗೆ ತಲುಪಿದರು.

ನಂತರದ ಚಿತ್ರಗಳು

‘ಹೂಮಳೆ’ (1998) ಅಸ್ಸಾಮಿಗೂ ‘ಪ್ಯಾರಿಸ್ ಪ್ರಣಯ’ (2003) ಯುರೋಪಿಗೂ ಕನ್ನಡ ಕಥೆಯನ್ನು ಕೊಂಡೊಯ್ದವು. ‘ನನ್ನ ಪ್ರೀತಿಯ ಹುಡುಗಿ’ (2001), ಉಪೇಂದ್ರ ನಟಿಸಿದ ‘ಸೂಪರ್ ಸ್ಟಾರ್’ (2002) ನಡುವೆ ಬಂದವು. ‘ಅಮೃತಧಾರೆ’ಯಲ್ಲಿ (2005) ಧ್ಯಾನ್ ಮತ್ತು ರಮ್ಯಾ ಜೊತೆ ಅಮಿತಾಭ್ ಬಚ್ಚನ್ ಅತಿಥಿ ನಟರಾಗಿದ್ದರು. ‘ಮಾತಾಡ್ ಮಾತಾಡು ಮಲ್ಲಿಗೆ’ (2007) ಇವುಗಳಲ್ಲಿ ಹೆಚ್ಚು ಗಮನಾರ್ಹ. ವಿಷ್ಣುವರ್ಧನ್ ಇಲ್ಲಿ ಹೊಡೆದಾಡುವ ನಾಯಕನಲ್ಲ, ನೆಲ ಬಿಟ್ಟುಕೊಡಲು ಒಪ್ಪದ ಹೂ ಬೆಳೆಗಾರ ಹೂವಯ್ಯ. ರೈತನ ಜಮೀನಿನ ಪ್ರಶ್ನೆಯನ್ನು ಗಾಂಧಿಮಾರ್ಗದಲ್ಲಿ ಎತ್ತುವ ಪಾತ್ರಕ್ಕೆ ಜನಪ್ರಿಯ ನಟನನ್ನೇ ನಿಲ್ಲಿಸಿದ್ದು ಧೈರ್ಯದ ಕೆಲಸ. ‘ಒಲವೇ ಜೀವನ ಲೆಕ್ಕಾಚಾರ’ (2009), ‘ನೂರು ಜನ್ಮಕೂ’ (2010), ‘ಬ್ರೇಕಿಂಗ್ ನ್ಯೂಸ್’ (2012), ‘ಇಷ್ಟಕಾಮ್ಯ’ (2016), ‘ಇಂಡಿಯಾ ವರ್ಸಸ್ ಇಂಗ್ಲೆಂಡ್’ (2020) ನಂತರದವು. ‘ಇಷ್ಟಕಾಮ್ಯ’ ದೊಡ್ಡೇರಿ ವೆಂಕಟಗಿರಿರಾವ್ ಅವರ ಕಾದಂಬರಿಯನ್ನು ಆಧರಿಸಿದೆ.

ಕಿರುತೆರೆ

ಧಾರಾವಾಹಿಗಳಲ್ಲಿ ‘ವಠಾರ’ ಮುಖ್ಯ. ಒಂದೇ ಅಂಗಳ ಹಂಚಿಕೊಂಡ ಸಾಲುಮನೆಗಳ ಬದುಕು ದಿನದಿನದ ಕಂತುಗಳಿಗೆ ಸಹಜವಾಗಿ ಒಗ್ಗುವ ವಸ್ತು. ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ಕೇಳಿಸುವಲ್ಲಿ ಕಥೆ ತಾನಾಗಿ ಹುಟ್ಟುತ್ತದೆ.

ಸಂಸ್ಥೆಗಳು

ಬೆಂಗಳೂರಿನಲ್ಲಿ ‘ಟೆಂಟ್ ಸಿನಿಮಾ’ ಎಂಬ ತರಬೇತಿ ಶಾಲೆಯನ್ನು ಸ್ಥಾಪಿಸಿದರು. ಹಳ್ಳಿಗಳಲ್ಲಿ ಸಿನಿಮಾ ತೋರಿಸುತ್ತಿದ್ದ ಡೇರೆಯ ನೆನಪು ಆ ಹೆಸರಿನಲ್ಲಿದೆ. ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು.

ಸ್ಥಾನ

ಎಲ್ಲ ಚಿತ್ರಗಳೂ ಒಂದೇ ಎತ್ತರದವಲ್ಲ. 1992ರಿಂದ 1998ರವರೆಗಿನ ಮೊದಲ ಅವಧಿಯ ಬಿಗಿ ಮುಂದಿನವುಗಳಲ್ಲಿ ಅಲ್ಲಲ್ಲಿ ಸಡಿಲವಾಗಿದೆ. ಆದರೂ ಊರು ಬಿಡುವವನ ನೋವನ್ನೂ ಉಳಿದವನ ನೋವನ್ನೂ ಸಮನಾಗಿ ತೂಗಿದ ನಿರ್ದೇಶಕರು ಕನ್ನಡದಲ್ಲಿ ವಿರಳ. ಆ ತೂಕವನ್ನು ಅವರು ಬದುಕಿನಲ್ಲೂ ಉಳಿಸಿಕೊಂಡಿದ್ದಾರೆ. ಅವರ ಅಭಿವ್ಯಕ್ತಿ ಸಾಂಸ್ಕೃತಿಕ ವೇದಿಕೆಯ ಸಂಸ್ಕೃತಿ ಹಬ್ಬ ಯುಗಾದಿಯ ಹೊತ್ತಿಗೆ ನಡೆಯುವುದು ನಾಗತಿಹಳ್ಳಿಯಲ್ಲೇ.