ಬೆಂಗಳೂರಿನ ಬೀದಿಕಲೆ

ಗ್ಯಾಲರಿಯ ಹೊರಗೆ, ರಸ್ತೆ, ಗೋಡೆ, ಮಾರುಕಟ್ಟೆಗಳಲ್ಲಿ, ಅಲ್ಲಿನ ಜನರ ಪಾಡನ್ನೇ ವಸ್ತುವಾಗಿಸಿಕೊಂಡು ಬೆಳೆದ ಕಲೆ. ಬೆಂಗಳೂರಿನಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟದ್ದು ಚಿತ್ರಕಲೆಯಲ್ಲ, ರಂಗಭೂಮಿ. ತುರ್ತು ಪರಿಸ್ಥಿತಿ ಹೇರಿದ 1975ರಲ್ಲೇ ಹುಟ್ಟಿದ ‘ಸಮುದಾಯ’ ತಂಡ ನಾಟಕವನ್ನು ಬೀದಿಗಿಳಿಸಿತು. ಬಿಹಾರದ ಬೆಲ್ಚಿ ಗ್ರಾಮದಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆ ಕುರಿತ ‘ಬೆಲ್ಚಿ’ಯನ್ನು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದರು. ಪರದೆಯಿಲ್ಲ, ಟಿಕೆಟ್ಟಿಲ್ಲ, ಸುತ್ತ ನಿಂತವರೇ ಪ್ರೇಕ್ಷಕರು.

2003ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿ ಜಸ್ಮೀನ್ ಪಥೇಜಾ ಬೀದಿಯ ಲೈಂಗಿಕ ಕಿರುಕುಳದ ವಿರುದ್ಧ ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಲಾ ಯೋಜನೆ ಆರಂಭಿಸಿದರು. ಕಿರುಕುಳಕ್ಕೊಳಗಾದಾಗ ತೊಟ್ಟಿದ್ದ ಉಡುಪುಗಳನ್ನು ಹೆಣ್ಣುಮಕ್ಕಳಿಂದ ಸಂಗ್ರಹಿಸಿ, ಬಟ್ಟೆಯ ಮೇಲೆ ತಪ್ಪು ಹೊರಿಸುವವರ ಮುಂದೆ ಇಟ್ಟದ್ದು ಅದರ ಮುಖ್ಯ ಕೆಲಸ.

2009ರ ಸುಮಾರಿಗೆ ಮಹಾನಗರ ಪಾಲಿಕೆಯೂ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಬ್ಯಾನರ್ ಕಲಾವಿದರ ಕೈಗೆ ಮತ್ತೆ ಕುಂಚ ಬಂತು. ಅದು ದೊಡ್ಡ ಮಾತೇ. ಆದರೆ ನಾಡಿನ ಪ್ರವಾಸಿ ತಾಣಗಳು, ಕಾಡುಪ್ರಾಣಿಗಳು ತುಂಬಿದ ಆ ಗೋಡೆಗಳಲ್ಲಿ ಗೋಡೆಯ ಪಕ್ಕದ ಬೀದಿ ಎಲ್ಲೂ ಕಾಣಲಿಲ್ಲ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಕಟ್ಟಿದ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ನಲ್ಲಿ ಬಣ್ಣ ಹಚ್ಚುವವರಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೇ ಮುಂದು. ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ರಸ್ತೆಗಳಲ್ಲೇ ಅವರು ಏಣಿ ಹಾಕಿಕೊಂಡು ನಿಂತರು.

ಊರಿಗೆಲ್ಲ ಪರಿಚಿತರಾದವರು ಮೈಸೂರಿನ ‘ಕಾವಾ’ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ಸುತ್ತ ಕೆರೆಯಂತೆ ಬಣ್ಣ ಬಳಿದು, ನಡುವೆ ಒಂದು ಮೊಸಳೆಯನ್ನು ಕೂರಿಸಿದರು. ವಾಹನ ಸವಾರರು ನಕ್ಕರು, ಫೋಟೊ ತೆಗೆದರು. ಅರ್ಜಿಗೆ ಅಲುಗದ ಆಡಳಿತ ಅಲುಗಿತು, ಗುಂಡಿ ಮುಚ್ಚಿತು. ಇವರ ಕಲೆಗೆ ಪಾಲಿಕೆಯೂ ಒಂದು ಪಾತ್ರಧಾರಿ: ಗುಂಡಿ ಮುಚ್ಚಿದಾಗಲೇ ಕೃತಿ ಮುಗಿಯುವುದು. ಚಂದ್ರಯಾನ-2 ಚಂದ್ರನ ಸಮೀಪವಿದ್ದ 2019ರ ಸೆಪ್ಟೆಂಬರ್ ಆರಂಭದಲ್ಲಿ, ಹೇರೋಹಳ್ಳಿ ಬಳಿಯ ತುಂಗಾನಗರದ ಗುಂಡಿ ಬಿದ್ದ ರಸ್ತೆಯಲ್ಲಿ ಬಾದಲ್ ಅವರ ಕೃತಿಗಾಗಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ವೇಷದಲ್ಲಿ ತೇಲುತ್ತ ನಡೆದರು. ರಾತ್ರಿ ಚಿತ್ರೀಕರಿಸಿದ ಆ ವಿಡಿಯೊದಲ್ಲಿ, ಪಕ್ಕದಲ್ಲೊಂದು ಆಟೊ ಹಾದುಹೋಗುವವರೆಗೆ ಅದು ಚಂದ್ರನ ನೆಲವೇ. ವಿಡಿಯೊ ದೇಶವೆಲ್ಲ ಹರಿದಾಡಿತು. ಮರುದಿನವೇ ರಸ್ತೆ ದುರಸ್ತಿ ಶುರುವಾಯಿತು.