ಮಧ್ಯಯುಗದ ಸಿಸ್ಟರ್ಸಿಯನ್ ಸನ್ಯಾಸಿನಿಯರು

ನಮ್ಮಲ್ಲಿ 'ಕಾನ್ವೆಂಟು' ಎಂದೊಡನೆ ಇಂಗ್ಲಿಷ್ ಮಾಧ್ಯಮದ ಶಾಲೆ, ಟೈ ಕಟ್ಟಿಕೊಂಡ ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಆದರೆ ಆ ಶಬ್ದದ ಹಳೆಯ ಅರ್ಥ ಸನ್ಯಾಸಿಗಳ ಅಥವಾ ಸನ್ಯಾಸಿನಿಯರ ಮಠ. ನಾನು ಸೇವೆಯಲ್ಲಿದ್ದಾಗ ಪಾಠ ಮಾಡುತ್ತಿದ್ದ ಚರಿತ್ರೆಯ ಪುಸ್ತಕದಲ್ಲಿ ಯುರೋಪಿನ ಮಠಗಳಿಗೆ ದೊರೆತಿದ್ದುದು ಒಂದೇ ಪ್ಯಾರಾ. ಅದರಲ್ಲಿ ಸ್ತ್ರೀಯರ ಸುಳಿವೇ ಇರಲಿಲ್ಲ. ಆ ಪ್ಯಾರಾದಿಂದ ಹೊರಗುಳಿದವರ ಕುರಿತು ನಿವೃತ್ತಿಯ ಬಿಡುವಿನಲ್ಲಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂತ ಬೆನೆಡಿಕ್ಟನ ನಿಯಮವನ್ನು ಸಡಿಲಿಕೆಯಿಲ್ಲದೆ ಪಾಲಿಸಬೇಕೆಂದು ಹೊರಟ ಕೆಲವು ಸನ್ಯಾಸಿಗಳು 1098ರಲ್ಲಿ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಸೀತೋ ಎಂಬಲ್ಲಿ ಹೊಸ ಮಠವೊಂದನ್ನು ಕಟ್ಟಿದರು. ಅದರಿಂದ ಬೆಳೆದುದೇ ಸಿಸ್ಟರ್ಸಿಯನ್ ಪಂಥ. ಸ್ತ್ರೀಯರ ಮೊದಲ ಮಠವು 1120ರ ದಶಕದಲ್ಲಿ ದಿಜೋನ್ ನಗರದ ಸಮೀಪದ ತಾರ್ ಎಂಬಲ್ಲಿ ಆರಂಭವಾಯಿತು. ಮುಂದಿನ ನೂರು ವರ್ಷಗಳಲ್ಲಿ ಇಂತಹ ಮಠಗಳು ಸ್ಪೇನಿನಿಂದ ಜರ್ಮನಿಯವರೆಗೆ ಹಬ್ಬಿದವು.

ಅವರ ದಿನವು ನಮ್ಮ ಬ್ರಾಹ್ಮೀ ಮುಹೂರ್ತಕ್ಕಿಂತಲೂ ಮೊದಲೇ, ಕತ್ತಲಲ್ಲಿ ಆರಂಭವಾಗುತ್ತಿತ್ತು. ರಾತ್ರಿಯ ಪ್ರಾರ್ಥನೆಯೊಂದು, ಹಗಲಿನಲ್ಲಿ ಏಳು; ಹೀಗೆ ಎಂಟು ಬಾರಿ ಅವರು ಗಾಯನಮಂದಿರದಲ್ಲಿ ಸೇರಬೇಕು. ನೂರೈವತ್ತು ಕೀರ್ತನೆಗಳನ್ನು ವಾರಕ್ಕೊಮ್ಮೆ ಲ್ಯಾಟಿನಿನಲ್ಲಿ ಹಾಡಿ ಮುಗಿಸಬೇಕು. ಬಣ್ಣ ಹಾಕದ ಉಣ್ಣೆಯ ಬಿಳಿಯ ನಿಲುವಂಗಿ, ಕಪ್ಪು ಮುಸುಕು. ಮಾಂಸಾಹಾರ ರೋಗಿಗಳಿಗೆ ಮಾತ್ರ. ಸೆಪ್ಟೆಂಬರ್ ನಡುವಿನಿಂದ ಈಸ್ಟರ್ ಹಬ್ಬದವರೆಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಊಟ. ಮಾತಿಗೆ ನಿಷೇಧವಿದ್ದ ಹೊತ್ತಿನಲ್ಲಿ ಕೈಸನ್ನೆಗಳೇ ಭಾಷೆ. ವರ್ಷಕ್ಕೆ ನಾಲ್ಕು ಸಲ ಆರೋಗ್ಯಕ್ಕೆಂದು ರಕ್ತ ತೆಗೆಯುತ್ತಿದ್ದರು. ಆಮೇಲಿನ ಕೆಲವು ದಿನ ಒಳ್ಳೆಯ ಊಟ, ಹೆಚ್ಚು ವಿಶ್ರಾಂತಿ. ಆ ದಿನಗಳಿಗಾಗಿ ಅವರು ಕಾದಿರುತ್ತಿದ್ದರೇನೋ ಎಂದು ನನಗೆ ಅನ್ನಿಸುತ್ತದೆ! ಅಡಿಗೆ, ಹೊಲ, ದನಕರುಗಳ ಭಾರವನ್ನು ಬಹುಮಟ್ಟಿಗೆ ಹೊತ್ತವರು ಗಾಯನಮಂದಿರದಲ್ಲಿ ಸ್ಥಾನವಿಲ್ಲದ ಸೇವಕ ಸೋದರಿಯರು. ಮಠದೊಳಗೂ ಮೇಲು ಕೀಳು ಇತ್ತು.

ಈ ಸ್ತ್ರೀಯರು ಅಕ್ಷರ ಕಲಿತ ಬಗೆ ನನ್ನಂತಹ ಮೇಷ್ಟರನ್ನು ವಿಶೇಷವಾಗಿ ಸೆಳೆಯುತ್ತದೆ. ಇಂದಿನ ಬೆಲ್ಜಿಯಂನಲ್ಲಿ 1200ರಲ್ಲಿ ಹುಟ್ಟಿದ ಬಿಯಾಟ್ರಿಸ್ ಏಳನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡಳು. ಮುಂದೆ ಅವಳು ಸಿಸ್ಟರ್ಸಿಯನ್ ಮಠ ಸೇರಿದಳು. ಅಲ್ಲಿಂದ ಅವಳನ್ನು ಲಾ ರಾಮೇ ಎಂಬ ಇನ್ನೊಂದು ಮಠಕ್ಕೆ ಕಳುಹಿಸಿದ್ದು ಹಸ್ತಪ್ರತಿ ಬರೆಯುವ ವಿದ್ಯೆಯನ್ನು ಕಲಿಯಲು. ಗಾಯನಮಂದಿರಕ್ಕೆ ಬೇಕಾದ ಪುಸ್ತಕಗಳನ್ನು ಮಠದವರೇ ಬರೆದುಕೊಳ್ಳಬೇಕಿತ್ತಲ್ಲವೇ? ಬಿಯಾಟ್ರಿಸ್ ನಜರೆತ್ ಎಂಬ ಮಠದ ಮುಖ್ಯಸ್ಥೆಯಾಗಿ 1268ರಲ್ಲಿ ತೀರಿಕೊಂಡಳು. ದೈವಪ್ರೇಮದ ಏಳು ಬಗೆಗಳನ್ನು ಕುರಿತು ಅವಳು ತನ್ನ ತಾಯ್ನುಡಿಯಾದ ಡಚ್ಚಿನಲ್ಲಿ ಬರೆದ ಕಿರುಗ್ರಂಥ ಉಳಿದಿದೆ. ತನ್ನ ಬಾಳಿನ ಬಗ್ಗೆ ಅವಳೇ ಬರೆದುಕೊಂಡದ್ದನ್ನು ಪುರುಷನೊಬ್ಬ ಲ್ಯಾಟಿನಿಗೆ ತಂದನು. ಅವನ ಲ್ಯಾಟಿನ್ ಉಳಿಯಿತು, ಅವಳ ಮೂಲ ನಷ್ಟವಾಯಿತು. ನನಗೆ ಅತ್ಯಂತ ಬೇಸರ ತಂದ ಸಂಗತಿ ಇದು.

ಪಂಥದ ಪುರುಷರು ಇವರನ್ನು ಸಂತೋಷದಿಂದ ಸ್ವಾಗತಿಸಲಿಲ್ಲ. ಪ್ರತಿಯೊಂದು ಸ್ತ್ರೀಮಠಕ್ಕೂ ಪೂಜೆಗೆ, ಪಾಪನಿವೇದನೆ ಕೇಳಲು ಪುರೋಹಿತನು ಬೇಕು, ಮೇಲ್ವಿಚಾರಣೆಗೆ ಮಠಾಧೀಶನು ಬೇಕು. ಅದೆಲ್ಲ ಹೊರೆಯೆಂಬ ಭಾವನೆ. 1213ರಲ್ಲಿ ಪಂಥದ ಮಹಾಸಭೆಯು ಸನ್ಯಾಸಿನಿಯರು ಮಠದ ಗೋಡೆ ದಾಟಬಾರದೆಂದು ವಿಧಿಸಿತು. 1220ರಲ್ಲಿ ಹೊಸ ಸ್ತ್ರೀಮಠಗಳನ್ನು ಸೇರಿಸಿಕೊಳ್ಳುವುದಿಲ್ಲವೆಂದಿತು; 1228ರಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತು. ಒಮ್ಮೆ ಹಾಕಿದ ಆಜ್ಞೆಯನ್ನು ಮತ್ತೆ ಹಾಕಿದರೆಂದರೆ ಮೊದಲನೆಯದು ನಡೆಯಲಿಲ್ಲವೆಂದೇ ತಿಳಿಯಬೇಕು. 1240ರ ದಶಕದಲ್ಲಿ ಫ್ರಾನ್ಸಿನ ಪಾರ್ಕ್ ಓ ದಾಮ್ ಮಠದಲ್ಲಿ ಹೊಸ ಕಟ್ಟಳೆಗಳನ್ನು ಓದಿ ಹೇಳಿದಾಗ ಸನ್ಯಾಸಿನಿಯರು ಗದ್ದಲವೆಬ್ಬಿಸಿ ಸಭೆಯಿಂದ ಎದ್ದೇ ಹೋದರು. ಮೌನವ್ರತದವರ ಗದ್ದಲ!

ಸ್ಪೇನಿನ ಬುರ್ಗೋಸ್ ನಗರದ ಬಳಿ ರಾಜ ಎಂಟನೆಯ ಅಲ್ಫೊನ್ಸೊ 1187ರಲ್ಲಿ ಸ್ಥಾಪಿಸಿದ ಲಾಸ್ ಉಯೆಲ್ಗಾಸ್ ಮಠದ ಕಥೆಯೇ ಬೇರೆ. ಅದರ ಮುಖ್ಯಸ್ಥೆಗೆ ಅನೇಕ ಹಳ್ಳಿಗಳ ಮೇಲೆ ಬಿಷಪ್ಪನಿಗೆ ಸಮನಾದ ಅಧಿಕಾರ ಬೆಳೆಯಿತು. ಅದು ರದ್ದಾದದ್ದು 1873ರಲ್ಲಿ. ಆ ಪ್ರದೇಶದ ಮಠಾಧ್ಯಕ್ಷೆಯರು ಪ್ರವಚನ ಮಾಡುತ್ತಾರೆ, ಪಾಪನಿವೇದನೆಯನ್ನೂ ಕೇಳುತ್ತಾರೆ ಎಂದು ತಿಳಿದ ಪೋಪ್ ಮೂರನೆಯ ಇನ್ನೊಸೆಂಟನು 1210ರಲ್ಲಿ ಅದನ್ನು ನಿಲ್ಲಿಸಲು ಪತ್ರ ಬರೆಯಬೇಕಾಯಿತು.

ಜರ್ಮನಿಯ ಐಸ್ಲೇಬೆನ್ ಬಳಿಯ ಹೆಲ್ಫ್ಟಾ ಮಠವು ಸಿಸ್ಟರ್ಸಿಯನ್ ಆಚಾರವನ್ನೇ ಪಾಲಿಸುತ್ತಿದ್ದರೂ ಪಂಥಕ್ಕೆ ವಿಧಿವತ್ತಾಗಿ ಸೇರಿರಲಿಲ್ಲ. ಅಲ್ಲಿ ಹಾಕಬೋರ್ನ್ ಮನೆತನದ ಗರ್ಟ್ರೂಡ್ ನಲವತ್ತು ವರ್ಷ ಮುಖ್ಯಸ್ಥೆಯಾಗಿದ್ದಳು. ವಿದ್ಯಾಭ್ಯಾಸದ ಉತ್ಸಾಹ ಕುಂದಿದರೆ ಧರ್ಮಗ್ರಂಥ ಅರ್ಥವಾಗುವುದಿಲ್ಲ, ಆಗ ಧರ್ಮವೇ ಅಳಿಯುತ್ತದೆ ಎಂಬುದು ಆಕೆಯ ನಿಲುವು. ಪುಸ್ತಕಗಳನ್ನು ಕೊಂಡು, ಸೋದರಿಯರಿಂದ ಬರೆಯಿಸಿ ಕೂಡಿಟ್ಟಳು. ಅದೇ ಹೆಸರಿನ ಇನ್ನೊಬ್ಬ ಬಾಲಕಿ ಐದನೆಯ ವಯಸ್ಸಿನಲ್ಲಿ ಅಲ್ಲಿಗೆ ಬಂದಳು. ಅವಳ ತಂದೆತಾಯಿ ಯಾರೆಂಬುದು ದಾಖಲೆಯಲ್ಲಿಲ್ಲ. ಆಕೆಯೇ 'ಮಹಾ ಗರ್ಟ್ರೂಡ್'. 1281ರ ಜನವರಿ 27ರ ಸಂಜೆ, ಹಿರಿಯ ಸನ್ಯಾಸಿನಿಯೊಬ್ಬರಿಗೆ ವಾಡಿಕೆಯಂತೆ ತಲೆಬಾಗಿ ಮೇಲೆತ್ತಿದಾಗ ಎದುರಿಗೆ ಯುವಕನ ರೂಪದಲ್ಲಿ ಕ್ರಿಸ್ತನನ್ನು ಕಂಡೆನೆಂದು ಆಕೆ ಲ್ಯಾಟಿನಿನಲ್ಲಿ ಬರೆದಿಟ್ಟಿದ್ದಾಳೆ. ಮ್ಯಾಗ್ಡೆಬರ್ಗಿನ ಮೆಕ್ಟಿಲ್ಡ್ ಮುಪ್ಪಿನಲ್ಲಿ ಆಶ್ರಯ ಪಡೆದದ್ದೂ ಇಲ್ಲಿಯೇ. ದೃಷ್ಟಿ ಹೋದ ಮೇಲೆ ಆಕೆ ಹೇಳಿದಂತೆಲ್ಲ ಬರೆದುಕೊಂಡು ಅವಳ ಗ್ರಂಥದ ಕೊನೆಯ ಭಾಗವನ್ನು ಪೂರ್ಣಗೊಳಿಸಿದವರು ಈ ಸೋದರಿಯರು.

ಉತ್ತರ ಜರ್ಮನಿಯ ವೀನ್‌ಹೌಸೆನ್ ಮಠದಲ್ಲಿ 1953ರಲ್ಲಿ ಗಾಯನಮಂದಿರದ ನೆಲಹಲಗೆಗಳನ್ನು ಎಬ್ಬಿಸಿದಾಗ ಕೆಳಗೆ ಸನ್ಯಾಸಿನಿಯರ ಕೈಜಾರಿ ಬಿದ್ದ ವಸ್ತುಗಳು ದೊರೆತವು: ಪ್ರಾರ್ಥನೆಯ ಪುಟ್ಟ ಚಿತ್ರಗಳು, ಜತೆಗೆ ಕನ್ನಡಕಗಳು. ಕಿವಿಗೆ ಸಿಕ್ಕಿಸುವ ಕಡ್ಡಿಗಳಿಲ್ಲ. ಎರಡು ಮರದ ಬಳೆಗಳನ್ನು ಮೊಳೆಯಿಂದ ಜೋಡಿಸಿ ಮೂಗಿನ ಮೇಲೆ ಇಟ್ಟುಕೊಳ್ಳುವಂಥವು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಕನ್ನಡಕಗಳಲ್ಲಿ ಅವೂ ಸೇರಿವೆ. ಜರ್ಮನಿಯಲ್ಲಿರುವ ನನ್ನ ಶಿಷ್ಯರು ಹ್ಯಾನೋವರ್ ಕಡೆಗೆ ಹೋದರೆ ಆ ಮಠವನ್ನು ನೋಡಿಕೊಂಡು ಬಂದು ನನಗೆ ನಾಲ್ಕು ಸಾಲು ಬರೆಯಿರಿ.